ಹಿಮ್ಮಡಿಗೆ ಬೀಗವಿಲ್ಲ

ಎರಡು ವಸ್ತುಗಳನ್ನು ಒಂದಕ್ಕೊಂದು ಬಿಗಿಯಲು ಕಲಿತ ದಿನವೇ ಮನುಷ್ಯ ಮನುಷ್ಯನಾದ ಎಂದು ನಾನು ದೃಢವಾಗಿ ನಂಬಿದ್ದೇನೆ. ಕಲ್ಲನ್ನು ಕೋಲಿಗೆ ಕಟ್ಟಿದ, ಎತ್ತನ್ನು ನೊಗಕ್ಕೆ ಕಟ್ಟಿದ, ಬಾಗಿಲನ್ನು ಚೌಕಟ್ಟಿಗೆ ಸೇರಿಸಿದ. ರಾಜ್ಯ, ಧರ್ಮ, ಸಾಹಿತ್ಯ ಇತ್ಯಾದಿಗಳೆಲ್ಲ ಆಮೇಲೆ ಬಿಡುವಾದಾಗ ಮಾಡಿಕೊಂಡದ್ದು. ಈ ಗಂಭೀರ ಸತ್ಯ ನನಗೆ ಹೊಳೆದಾಗ ನಾನು ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸಿನ ನಮ್ಮ ಗ್ಯಾರೇಜಿನಲ್ಲಿ ರಟ್ಟು ಹಾಸಿಕೊಂಡು ಕೂತು, ಹೆಂಡತಿಯ ಬೂಟೊಂದನ್ನು ಬಲಗೈಗೆ ತೊಟ್ಟುಕೊಂಡು, ಅದನ್ನು ಒಂದು ಉದ್ದನೆಯ ಹಲಗೆಗೆ ಸಿಕ್ಕಿಸಲು ಹೆಣಗುತ್ತಿದ್ದೆ. ಬೂಟು ಹಲಗೆಗೆ ಸಿಕ್ಕಿಕೊಳ್ಳಲಿಲ್ಲ. ನನ್ನ ಕೈ ಮಾತ್ರ ಬೂಟಿನೊಳಗೆ ಚೆನ್ನಾಗಿ ಸಿಕ್ಕಿಕೊಂಡಿತು.

ಬಿಗಿಯುವ ವಿಷಯದಲ್ಲಿ ಮಾತಾಡಲು ಇವನಿಗೇನು ಅಧಿಕಾರ ಎಂದು ನೀವು ಕೇಳಬಹುದು. ಇದೆ. ಮೈಸೂರಿನಲ್ಲಿ ಮೆಕ್ಯಾನಿಕಲ್ ಓದಿ ಡೆಟ್ರಾಯಿಟ್ ಕಡೆಗೆ ಬಂದ ನಾನು ನಿವೃತ್ತನಾಗುವವರೆಗೂ ಮಾಡಿದ ಕೆಲಸ ಒಂದೇ, ಕಾರಿನ ಬಾಗಿಲಿನ ಲ್ಯಾಚು. ನನ್ನ ಜೊತೆಗೆ ಸೇರಿದವರು ಎಂಜಿನ್ ಮಾಡಿದರು, ಬ್ರೇಕ್ ಮಾಡಿದರು, ಕೊನೆಗೆ ವೈಸ್ ಪ್ರೆಸಿಡೆಂಟುಗಳಾದರು. ನಾನು ಬಾಗಿಲು ಮುಚ್ಚಿದೆ. ಲ್ಯಾಚಿನ ಧರ್ಮ ಬಹಳ ಸರಳವಾದದ್ದು: ಹಿಡಿದದ್ದನ್ನು ಬಿಡಬಾರದು, ಹಿಡಿದಿರುವಾಗ ಗಡಗಡ ಅನ್ನಬಾರದು. ಈ ಧರ್ಮವನ್ನು ನಾನು ಮನೆಯಲ್ಲೂ ಪಾಲಿಸುತ್ತೇನೆಂದು ನನ್ನ ಹೆಂಡತಿ ವಸಂತಾ ಬಂದವರಿಗೆಲ್ಲ ಹೇಳುತ್ತಾಳೆ. ಅದರಲ್ಲಿ ಮೆಚ್ಚುಗೆಯ ಪಾಲು ಎಷ್ಟು ಎಂದು ನಾನು ವಿಚಾರಿಸಲು ಹೋಗಿಲ್ಲ.

ಹಲಗೆಗಳು ನಮ್ಮ ಮನೆಗೆ ಬಂದದ್ದು ಡಾಕ್ಟರ್ ನಸೀಮ್ ಅವರ ದೆಸೆಯಿಂದ. ನಮ್ಮ ಸಬ್‌ಡಿವಿಷನ್ನಿನಲ್ಲಿ, ಅಂದರೆ ಬಡಾವಣೆಯಲ್ಲಿ, ಎರಡು ಮನೆ ಆಚೆಗಿರುವ ಈಕೆ ದಂತವೈದ್ಯೆ, ಊರು ರಾಣೆಬೆನ್ನೂರು. ಇಲ್ಲಿಗೆ ಬಂದು ಇಷ್ಟು ವರ್ಷವಾದರೂ ಮಾತಿನಲ್ಲಿ ಊರು ಹಾಗೇ ಇದೆ. ಸಂಜೆಯಾದರೆ ಇವರೂ ವಸಂತಾಳೂ ವಾಕಿಂಗ್ ಹೋಗುವುದು ಒಂದು ಕಟ್ಟಳೆ. ಹಿಮ ಕರಗಿದಂದು ಶುರುವಾದರೆ ಎಲೆ ಉದುರುವವರೆಗೆ. ಏನು ಮಾತಾಡಿಕೊಳ್ಳುತ್ತಾರೆಂದು ನನಗೆ ತಿಳಿಯದು. ನಾನು ಎದುರು ಸಿಕ್ಕರೆ ಮಾತು ನಿಲ್ಲುತ್ತದೆ ಎಂಬುದಷ್ಟು ತಿಳಿದಿದೆ.

ಎರಡು ಚಳಿಗಾಲದ ಹಿಂದೆ ವಸಂತಾ ಗ್ಯಾರೇಜಿನ ಮುಂದಿನ ಡ್ರೈವ್‌ವೇಯಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಮಿಷಿಗನ್ನಿನಲ್ಲಿ ಒಂದು ಜಾತಿಯ ಮಂಜುಗಡ್ಡೆ ಇದೆ. ಅದು ಇದೆಯೆಂದು ಗೊತ್ತಾಗುವುದು ನೀವು ಅದರ ಮೇಲೆ ಮಲಗಿದ ಮೇಲೆಯೇ. ಮೂಳೆ ಕೂಡಿಕೊಂಡಿತು, ಧೈರ್ಯ ಕೂಡಿಕೊಳ್ಳಲಿಲ್ಲ. ಅಲ್ಲಿಂದೀಚೆಗೆ ಮೊದಲ ಹಿಮ ಬಿತ್ತೆಂದರೆ ಆಕೆ ಹೊಸ್ತಿಲು ದಾಟುವುದಿಲ್ಲ. ದಾಟಿದರೂ ಗ್ಯಾರೇಜಿನಿಂದ ಕಾರು, ಕಾರಿನಿಂದ ಅಂಗಡಿ. ಬೇಸ್‌ಮೆಂಟಿಗೆ ಟ್ರೆಡ್‌ಮಿಲ್ ತಂದೆ. ಗೋಡೆ ನೋಡಿಕೊಂಡು ಒಂದು ವಾರ ನಡೆದು, ಇದು ಜೈಲಿನವರು ಮಾಡುವ ವಾಕಿಂಗು ಎಂದಳು. ಈಗ ಅದರ ಮೇಲೆ ಸೀರೆಗಳು ಒಣಗುತ್ತವೆ. ಉಳಿದಂತೆ ಆಕೆ ಚಳಿಗಾಲವನ್ನು ಊಟದ ಕೋಣೆಯ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕಳೆಯುತ್ತಿದ್ದಳು. ಹೊರಗೆ ನೋಡುತ್ತಿದ್ದಳು, ಅಷ್ಟೆ. ನಾನು ಏನಾದರೂ ಕೇಳಿದರೆ ಉತ್ತರ ಬರುವುದು ತುಸು ತಡವಾಗುತ್ತಿತ್ತು.

ಈ ವರ್ಷ ಜನವರಿಯಲ್ಲಿ ನಸೀಮ್ ಬಂದು, ತಾವು ಕ್ಲಿನಿಕ್ ಮುಚ್ಚಿ ಅರಿಜೋನಾದಲ್ಲಿರುವ ಮಗಳ ಮನೆಗೆ ಹೋಗುತ್ತಿರುವುದಾಗಿ, ಮನೆ ಮಾರಾಟವಾಗಿರುವುದಾಗಿ ಹೇಳಿದರು. ವಸಂತಾ ಒಳ್ಳೆಯದಾಯಿತು ಎಂದು ಹೇಳಿ ಕಾಫಿ ಮಾಡಲು ಒಳಗೆ ಹೋದಳು. ಕಾಫಿ ಬರಲು ಬಹಳ ಹೊತ್ತಾಯಿತು. ಮರುವಾರವೇ ನಸೀಮ್ ಮನೆಯ ಹಳೆಯ ಸಾಮಾನು ಮಾರುವ ಒಂದು ಗ್ಯಾರೇಜ್ ಸೇಲಿನಿಂದ ಎರಡು ಜೊತೆ ಕ್ರಾಸ್ ಕಂಟ್ರಿ ಸ್ಕೀ, ಎರಡು ಜೊತೆ ಬೂಟು, ಎಲ್ಲ ಪೆಟ್ಟಿಗೆ ಸಮೇತ, ಹೊತ್ತುಕೊಂಡು ಬಂದು ನಮ್ಮ ಗ್ಯಾರೇಜಿನಲ್ಲಿ ಇಳಿಸಿದರು. ಕೌಂಟಿ ಪಾರ್ಕಿನ ಕೆರೆಯನ್ನು ಬೇಸಿಗೆಯಲ್ಲಿ ಲೆಕ್ಕವಿಲ್ಲದಷ್ಟು ಸಲ ಇಬ್ಬರೂ ಸುತ್ತಿದ್ದಾರೆ. ಹಿಮದಲ್ಲಿ ಒಮ್ಮೆ ಸುತ್ತಬೇಕೆಂದು ವರ್ಷ ವರ್ಷ ಹೇಳಿಕೊಂಡು ಮುಂದಕ್ಕೆ ಹಾಕಿದ್ದಾರೆ. ಇನ್ನು ಮುಂದಕ್ಕೆ ಹಾಕಲು ಜಾಗವಿರಲಿಲ್ಲ.

"ವಸಂತಕ್ಕ, ಜಾರ್ತೀನಿ ಅಂತ ಅಂಜಿಕಿ ಅಲ್ಲ ನಿಮಗ? ನಾವಾಗೇ ಜಾರೂಣು. ಬೇಕಂತ ಜಾರಿದ್ರ ಅದಕ್ಕ ಬೀಳೂದು ಅನ್ನಂಗಿಲ್ಲ" ಎಂದರು.

ಈ ವಯಸ್ಸಿಗೆ ಇದೊಂದು ಬಾಕಿ ಇತ್ತು ಎಂದಳು ವಸಂತಾ. ಬೇಡ ಎನ್ನಲಿಲ್ಲ. ಆಮೇಲೆ ಬೂಟಿನೊಳಗೆ ಕಾಲಿಟ್ಟು ನೋಡಿದಳು. ಆಕೆಯ ಪಾದ ಮುಂದೆ ಅಗಲ, ಹಿಂದೆ ಕಿರಿದು. ಅಮೆರಿಕದ ಯಾವ ಬೂಟಿನ ಕಂಪನಿಯೂ ಅಂಥ ಪಾದವನ್ನು ಕಲ್ಪಿಸಿಕೊಂಡಂತಿಲ್ಲ. ಈ ಹಳೆಯ ಬೂಟು ಮಾತ್ರ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಆಕೆ ಅದನ್ನು ಬಿಚ್ಚದೆ ಗ್ಯಾರೇಜಿನಲ್ಲಿ ಎರಡು ಸುತ್ತು ಓಡಾಡಿದ್ದನ್ನು ನೋಡಿ, ಈ ಕೆಲಸ ಆಗಬೇಕು ಎಂದು ನಾನು ನಿರ್ಧರಿಸಿದೆ.

ಬೆಟ್ಟದ ನೆತ್ತಿಯಿಂದ ಬಾಣದಂತೆ ಇಳಿದು, ಕೆಳಗೆ ಬಂದು ಪ್ಲಾಸ್ಟರ್ ಹಾಕಿಸಿಕೊಳ್ಳುವ ಸ್ಕೀಯಿಂಗ್ ಬೇರೆ. ಕ್ರಾಸ್ ಕಂಟ್ರಿ ಎನ್ನುವುದು ಸಪಾಟು ಹಿಮದ ಮೇಲೆ ನಡೆಯುವಂಥದು. ಹಾಗೆಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಹಲಗೆಗೂ ಬೂಟಿಗೂ ನಡುವೆ ಇರುವ ಹಿಡಿಕೆಗೆ ಬೈಂಡಿಂಗ್ ಎನ್ನುತ್ತಾರೆ. ಸಮಾನಧರ್ಮಿಯನ್ನು ಕಾಣುವ ಗೌರವದಿಂದ ನಾನು ಬಗ್ಗಿ ಅದನ್ನು ಪರೀಕ್ಷಿಸಿದೆ. ಎರಡು ದೋಷ ಕಂಡವು. ಒಂದು, ವಸಂತಾಳ ಬೂಟು ಅದಕ್ಕೆ ಕೂರುತ್ತಿರಲಿಲ್ಲ. ಇನ್ನೊಂದು ಹೆಚ್ಚು ಗಾಬರಿಯದು: ಬೈಂಡಿಂಗ್ ಹಿಡಿಯುತ್ತಿದ್ದದ್ದು ಬೂಟಿನ ಮೂತಿಯನ್ನು ಮಾತ್ರ. ಹಿಮ್ಮಡಿಗೆ ಏನೂ ಇರಲಿಲ್ಲ. ಬರಿಯ ಹಲಗೆ.

ಹಿಂದಿನ ಭಾಗ ಕಳೆದುಹೋಗಿದೆ ಎಂದು ನಾನು ತೀರ್ಮಾನಿಸಿದೆ. ಪೆಟ್ಟಿಗೆ ತಲೆಕೆಳಗು ಮಾಡಿ ಕೊಡವಿದೆ. ಒಂದು ಗುಂಡಿ, ಒಂದು ಒಣಗಿದ ಹುಳು ಬಿದ್ದವು. ಸೇಲ್ ನಡೆದ ಮನೆಯ ವಿಳಾಸ ಕೇಳಿಕೊಂಡು ಡ್ರೈವ್ ಮಾಡಿಕೊಂಡು ಹೋದೆ. ಬಾಗಿಲು ತೆಗೆದವರು ನನ್ನದೇ ವಯಸ್ಸಿನ ಒಬ್ಬ ಅಮೆರಿಕನ್. ಹಿಮ್ಮಡಿಯ ಭಾಗಗಳು ನಿಮ್ಮಲ್ಲೇ ಉಳಿದಿರಬೇಕು ಎಂದು ನಾನು ವಿನಯದಿಂದ ದೂರು ಸಲ್ಲಿಸಿದೆ. ಅವರು ನಗಲಿಲ್ಲ, ದೊಡ್ಡ ಮನುಷ್ಯ. ಮನೆಯ ಚಪ್ಪಲಿಯಲ್ಲೇ ಜಗಲಿಗೆ ಬಂದು, ಕಂಬ ಹಿಡಿದು, ಮಗುವಿಗೆ ಕಲಿಸುವ ಹಾಗೆ ನಿಧಾನವಾಗಿ ಒಂದು ಹೆಜ್ಜೆ ಇಟ್ಟು ತೋರಿಸಿದರು. ಹಿಮ್ಮಡಿ ಎದ್ದಿತು, ಕಾಲ್ಬೆರಳು ನೆಲದಲ್ಲೇ ಇತ್ತು. ನಡೆಯುವುದು ಹೀಗಲ್ಲವೇ, ಅದಕ್ಕೇ ಹಾಗೆ, ಎಂದರು. ಬೂಟಿನ ದೋಷ ನಿಜವೆಂದೂ ಒಪ್ಪಿದರು. ಬೂಟು ಅವರ ಹೆಂಡತಿಯದು, ಹಲಗೆ ಅವರ ತಮ್ಮನದು. ಬೈಂಡಿಂಗುಗಳಲ್ಲಿ ಎರಡು ಪಂಗಡ: ಒಂದರ ನೆತ್ತಿಯ ಮೇಲೆ ಒಂದೇ ಏಣು, ಅಂದರೆ ಉಬ್ಬಿದ ಗೆರೆ, ಇನ್ನೊಂದರ ಮೇಲೆ ಜೋಡಿ ಏಣು, ಬೂಟಿನ ಅಟ್ಟೆಯಲ್ಲಿ ಅದಕ್ಕೆ ತಕ್ಕ ಕಾಲುವೆ. ನೋಡಲು ಒಡಹುಟ್ಟಿದವರ ಹಾಗಿದ್ದರೂ ಒಂದರ ಬೂಟು ಇನ್ನೊಂದಕ್ಕೆ ಆಗಿಬರುವುದಿಲ್ಲ. ಈ ಬಗೆಯ ವ್ಯವಸ್ಥೆಯನ್ನು ನಮ್ಮ ದೇಶದವರಿಗೆ ಯಾರೂ ಹೆಚ್ಚು ವಿವರಿಸಬೇಕಾಗಿಲ್ಲ.

ಹಿಮ್ಮಡಿಯ ವಿಷಯ ಮಾತ್ರ ನನಗೆ ಸಮಾಧಾನವಾಗಲಿಲ್ಲ. ಹಿಡಿಯದೆ ಬಿಟ್ಟದ್ದನ್ನು ನೋಡಿದರೆ ನನಗೆ ಊಟ ಸೇರುವುದಿಲ್ಲ. ಮನೆಗೆ ಬಂದು ಹಿಮ್ಮಡಿಗೆ ಒಂದು ಅಂದವಾದ ಕೊಂಡಿಯನ್ನು ಡಿಸೈನ್ ಮಾಡಿದೆ, ಸ್ಪ್ರಿಂಗ್ ಸಮೇತ. ನಸೀಮ್ ಆ ಚಿತ್ರವನ್ನು ಎಕ್ಸ್‌ರೇ ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡಿದರು.

"ಅಣ್ಣಾರ, ಹಿಮ್ಮಡಿಗೂ ನೀವು ಬಾಗಲಾ ಹಚ್ಚಿದ್ರ ವಸಂತಕ್ಕ ನಡಿಯೂದು ಹೆಂಗ? ಎರಡೂ ಕಾಲು ಕೂಡಿಸಿ ಕೆರಿ ಸುತ್ತ ಜಿಗದಾಡಬೇಕೇನು?"

ಆಗ, ತಡವಾಗಿ, ನನ್ನ ತಾತನ ಹಾವುಗೆ ನೆನಪಾಯಿತು. ಮೈಸೂರಿನ ಚಾಮರಾಜಪುರದ ನಮ್ಮ ಮನೆಯಲ್ಲಿ ತಾತ ಸ್ನಾನವಾದ ಮೇಲೆ ಮರದ ಹಾವುಗೆ ಮೆಟ್ಟುತ್ತಿದ್ದರು. ಪಟ್ಟಿಯಿಲ್ಲ, ದಾರವಿಲ್ಲ, ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವೆ ಹಿಡಿದುಕೊಳ್ಳಲು ಒಂದು ಮರದ ಗುಬಟು, ಅಷ್ಟೇ. ಆ ಒಂದು ಗುಬಟಿನ ಭರವಸೆಯ ಮೇಲೆ ಅವರು ಕೈಯಲ್ಲಿ ತುಂಬಿದ ತಂಬಿಗೆ ಹಿಡಿದು, ಏಣಿಯಷ್ಟೇ ಕಡಿದಾದ ಅಟ್ಟದ ಮೆಟ್ಟಿಲನ್ನು ಟಕ್ ಟಕ್ ಎಂದು ಇಳಿದು ಬರುತ್ತಿದ್ದರು. ಒಂದು ಹನಿ ತುಳುಕುತ್ತಿರಲಿಲ್ಲ. ಆ ಸದ್ದು ಕೇಳಿದರೆ ನಾವು ಮಕ್ಕಳು ಪುಸ್ತಕ ತೆರೆದು ಕೂರುತ್ತಿದ್ದೆವು. ಯಾವ ಪುಸ್ತಕವಾದರೂ ನಡೆಯುತ್ತಿತ್ತು. ಒಮ್ಮೆ ಅವರಿಲ್ಲದಾಗ ನಾನು ಅದನ್ನು ಮೆಟ್ಟಿ ನೋಡಿದೆ. ಮೂರನೆಯ ಹೆಜ್ಜೆಗೆ ಹಾವುಗೆ ಒಂದು ಕಡೆ ಹೋಯಿತು, ನಾನು ಬಚ್ಚಲ ಹಂಡೆಯ ಕಡೆಗೆ ಹೋದೆ. ಹಂಡೆಯ ನಾದ ಪಕ್ಕದ ಬೀದಿಗೂ ಕೇಳಿಸಿತಂತೆ.

ಹಾವುಗೆ ಹೋಗಲಿ, ನಾನು ಓದಿ ಎಂಜಿನಿಯರಾದದ್ದೇ ಹವಾಯಿ ಚಪ್ಪಲಿಯಲ್ಲಿ. ಅದರ ಅಂಗುಷ್ಠದ ಗುಂಡಿ ಕಿತ್ತು ಬಂದಾಗ ಕೆಳಗಿನಿಂದ ಸೇಫ್ಟಿ ಪಿನ್ ಚುಚ್ಚಿ ಕಾಲೇಜಿಗೆ ಹೋದವನು ನಾನೊಬ್ಬನೇ ಅಲ್ಲ, ನೀವೂ ಹೋಗಿದ್ದೀರಿ, ಮುಚ್ಚಿಟ್ಟು ಪ್ರಯೋಜನವಿಲ್ಲ. ಹೆಬ್ಬೆರಳೊಂದು ಹಿಡಿದಿದ್ದರೆ ಸಾಕು, ಹಿಮ್ಮಡಿ ಅದರ ಪಾಡಿಗೆ ಎದ್ದು ಬೀಳಲಿ ಎಂದು ನಂಬಿದ ಜನ ನಾವು. ಅಂಥ ನಾಡಿನಿಂದ ಬಂದವನು ಹಿಮ್ಮಡಿಯ ಬಿಡಿಭಾಗ ಕೇಳಿಕೊಂಡು ಪರರ ಮನೆಯ ಜಗಲಿಗೆ ಹೋಗಿದ್ದೆ. ಲ್ಯಾಚಿನ ಸಹವಾಸ ಮನುಷ್ಯನನ್ನು ಹೀಗೆ ಮಾಡುತ್ತದೆ.

ಇಲಿನಾಯ್ಸಿನ ವುಡ್‌ರಿಡ್ಜ್‌ನಲ್ಲಿರುವ ಮಗಳು ಫೋನಿನಲ್ಲಿ ಎಲ್ಲ ಕೇಳಿ, "ಅಪ್ಪ, ಜಸ್ಟ್ ಗೆಟ್ ಹರ್ ನ್ಯೂ ಬೂಟ್ಸ್" ಎಂದಳು. ಅಮ್ಮನ ಪಾದದ ಚರಿತ್ರೆ ಅವಳಿಗೂ ಗೊತ್ತು, ಮರೆತಿದ್ದಳು. ಬೂಟು ಬದಲಾಯಿಸುವ ಹಾಗಿರಲಿಲ್ಲ. ಬೈಂಡಿಂಗನ್ನೇ ಬದಲಾಯಿಸಬೇಕು. ಜೋಡಿ ಏಣಿನದನ್ನು ಅಂಗಡಿಯಿಂದ ತಂದೆ.

ಆ ವಸ್ತುವನ್ನು ಊಟದ ಮೇಜಿನ ಮೇಲೆ ಇಟ್ಟುಕೊಂಡು ನಾನು ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಅಂಗೈಗೆ ಒಂದಿಷ್ಟು ಉದ್ದವಾಯಿತೆನ್ನಬಹುದು, ತೂಕ ಒಂದು ಮಾವಿನಹಣ್ಣಿಗಿಂತ ಕಡಿಮೆ. ಬೂಟಿನ ಮೂತಿಯ ಕೆಳಗೆ ಅಡ್ಡಲಾಗಿ ಒಂದು ಉಕ್ಕಿನ ಕಡ್ಡಿ ಇದೆ, ಸೈಕಲ್ಲಿನ ಸ್ಪೋಕಿಗಿಂತ ತುಸು ದಪ್ಪ. ಬೈಂಡಿಂಗಿನಲ್ಲಿ ಅದಕ್ಕೊಂದು ದವಡೆ. ಬೂಟನ್ನಿಟ್ಟು ಒತ್ತಿದರೆ ಕಡ್ಡಿ ಒಳಗೆ ಬೀಳುತ್ತದೆ, ದವಡೆ ಕಚ್ಚುತ್ತದೆ. ಅಲ್ಲಿಗೆ ಅದು ನನ್ನ ಲ್ಯಾಚು. ಆದರೆ ಮರುಕ್ಷಣವೇ, ಹಿಮ್ಮಡಿ ಎತ್ತಿದ ಕೂಡಲೇ, ಅದೇ ಕಡ್ಡಿಯ ಮೇಲೆ ಇಡೀ ಬೂಟು ಬಾಗಿಲಿನ ಹಾಗೆ ತಿರುಗುತ್ತದೆ. ಈಗ ಅದು ಹಿಂಜು, ಬಾಗಿಲು ತಿರುಗುವ ಕೀಲು. ನಮ್ಮ ಕಂಪನಿಯಲ್ಲಿ ಲ್ಯಾಚಿನ ಇಲಾಖೆ ಬೇರೆ, ಹಿಂಜಿನ ಇಲಾಖೆ ಬೇರೆ. ನಾವು ಒಂದೇ ಮೇಜಿನಲ್ಲಿ ಊಟಕ್ಕೆ ಕೂರುತ್ತಿರಲಿಲ್ಲ. ಇಲ್ಲಿ ಯಾರೋ ಪುಣ್ಯಾತ್ಮ ಬಾಗಿಲಿನ ಎರಡು ಬದಿಗಳನ್ನೂ ಒಂದೇ ಕಡ್ಡಿಗೆ ತಂದು ನಿಲ್ಲಿಸಿದ್ದ. ಹಿಡಿಯುವುದೂ ಅದೇ, ಬಿಡುವುದೂ ಅದೇ.

ಕಡ್ಡಿಯ ಮುಂದೆ ಒಂದು ರಬ್ಬರಿನ ತುಂಡು. ಮಕ್ಕಳ ಕಂಪಾಸಿನೊಳಗಿನ ಅಳಿಸುವ ರಬ್ಬರಿನಷ್ಟು. ಹಿಮ್ಮಡಿ ಎದ್ದಾಗ ಬೂಟಿನ ಮೂತಿ ಅದನ್ನು ಅಮುಕುತ್ತದೆ. ಕಾಲು ಹಿಮದಿಂದ ಎದ್ದು ಮುಂದಕ್ಕೆ ಬರುವಾಗ ಅದು ಪಡೆದದ್ದನ್ನು ಹಿಂದಿರುಗಿಸಿ ಹಲಗೆಯನ್ನು ಪಾದಕ್ಕೆ ತಂದು ಸೇರಿಸುತ್ತದೆ. ಅದಿಲ್ಲದಿದ್ದರೆ ಆಳುದ್ದಕ್ಕಿಂತ ಉದ್ದದ ಹಲಗೆ ಕಾಲ ತುದಿಯಲ್ಲಿ ಮುರಿದ ರೆಂಬೆಯ ಹಾಗೆ ಜೋಲುತ್ತಿತ್ತು. ಇನ್ನು ಆ ಜೋಡಿ ಏಣು ಬೂಟಿನ ಕಾಲುವೆಗಳಲ್ಲಿ ಕೂತು, ಪಾದ ಅಕ್ಕಪಕ್ಕಕ್ಕೆ ತಿರುಚದಂತೆ ನೋಡಿಕೊಳ್ಳುತ್ತದೆ. ಮೇಲಕ್ಕೆ ಕೆಳಕ್ಕೆ ಪೂರ್ಣ ಸ್ವಾತಂತ್ರ್ಯ, ಅಕ್ಕಪಕ್ಕಕ್ಕೆ ಕೂದಲೆಳೆಯಷ್ಟೂ ಇಲ್ಲ. ಒಂದು ಕಡ್ಡಿ, ಒಂದು ದವಡೆ, ಒಂದು ರಬ್ಬರು, ಎರಡು ಏಣು. ಇಷ್ಟರ ಮೇಲೆ ಒಬ್ಬ ಮನುಷ್ಯ ತನ್ನ ಪೂರ್ತಿ ಭಾರ ಹಾಕಿ ಹಿಮದ ಮೇಲೆ ದಿನವಿಡೀ ಹೋಗಬಹುದು. ಇದರಲ್ಲಿ ಒಂದನ್ನು ತೆಗೆಯಲಾಗದು, ಒಂದನ್ನು ಸೇರಿಸಲಾಗದು. ಸೇರಿಸಲು ಹೋದವನ ಗತಿ ಮೇಲೆ ಹೇಳಿದ್ದೇನೆ.

"ಏನ್ರೀ, ಸಾಲಿಗ್ರಾಮ ನೋಡೋ ಹಾಗೆ ನೋಡ್ತಾ ಕೂತಿದೀರ. ಕಾಫಿ ಆರಿಹೋಯ್ತು" ಎಂದಳು ವಸಂತಾ.

ನಾನು ಆರಿದ ಕಾಫಿಯನ್ನೇ ಕುಡಿದೆ. ತಾತ ಪೂಜೆಯಲ್ಲಿದ್ದಾಗ ಅವರನ್ನೂ ಯಾರಾದರೂ ಹೀಗೆ ಕರೆದರೆ ಅವರು ತಿರುಗುತ್ತಿರಲಿಲ್ಲ. ಅದು ಹಮ್ಮು ಎಂದು ನಾನು ಆಗ ಎಣಿಸಿದ್ದೆ.

ಪ್ರತಿಷ್ಠಾಪನೆಗೆ ಭಾನುವಾರ ಮಧ್ಯಾಹ್ನ ಗೊತ್ತಾಯಿತು. ಮೊದಲು ಹಲಗೆ ಎಲ್ಲಿ ತೂಗಿ ನಿಲ್ಲುತ್ತದೋ ಆ ಜಾಗ ಕಂಡುಹಿಡಿಯಬೇಕು. ಕಡ್ಡಿ ನೇರ ಅದರ ಮೇಲೆ ಬರಬೇಕು, ಕಾಲೆತ್ತಿದಾಗ ಹಲಗೆ ಮೂಗು ಮುಗ್ಗರಿಸಬಾರದು. ಅಡಿಗೆಮನೆಯಿಂದ ಲಟ್ಟಣಿಗೆ ತಂದು, ಅದರ ಮೇಲೆ ಹಲಗೆಯನ್ನು ತಕ್ಕಡಿಯಂತೆ ನಿಲ್ಲಿಸಿ, ಉಸಿರು ಹಿಡಿದು ಗುರುತು ಹಾಕಿದೆ. ಮುಂದಿನದು ತೂತು ಕೊರೆಯುವುದು. ಹಲಗೆ ತೆಳು, ಒಂದು ಎಳೆ ಹೆಚ್ಚಾದರೆ ಆಚೆಗೆ ತೂರಿಕೊಂಡು ತಳ ಹಾಳು. ಇದು ನನ್ನ ಡಿಪಾರ್ಟ್‌ಮೆಂಟು ಎಂದು ನಸೀಮ್ ಡ್ರಿಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಹಲ್ಲಿನಂಗ ಐತಿ ಇದು. ಮ್ಯಾಲ ಗಟ್ಟಿ, ಒಳಗ ಮೆತ್ತಗ. ಮೆತ್ತಗ ಹತ್ತಿದ ಕೂಡ್ಲೆ ನಿಂತುಬಿಡಬೇಕು" ಎಂದು ಹೇಳಿ, ಬಗ್ಗಿ, ಹಲಗೆಗೆ, "ನೋವಾದ್ರ ಕೈ ಎತ್ತು" ಎಂದರು.

ಪುಡಿ ಊದುವ ಕೆಲಸ ನನಗೆ ಕೊಟ್ಟರು. ಹಳೆಯ ಬೈಂಡಿಂಗಿನ ತೂತುಗಳಿಗೆ ಫಿಲ್ಲಿಂಗನ್ನೂ ಅವರೇ ಮಾಡಿದರು. ವಸಂತಾ ಲಟ್ಟಣಿಗೆ ವಾಪಸು ಬರುವವರೆಗೂ ಬಾಗಿಲಲ್ಲೇ ನಿಂತಿದ್ದಳು. ಅಂಟು ಒಣಗಿದ ಮೇಲೆ ಹಿತ್ತಲಿನ ಹಿಮದಲ್ಲಿ ಅಭ್ಯಾಸ ಶುರುವಾಯಿತು. ನಮ್ಮ ಹಿತ್ತಲಿನಲ್ಲಿ ಬಿದ್ದರೆ ನೋಡಲು ಅಳಿಲುಗಳು ಮಾತ್ರ. ವಸಂತಾ ಬಿದ್ದದ್ದು ಕಡಿಮೆ, ಬೇಲಿ ಹಿಡಿದು ನಿಂತದ್ದು ಹೆಚ್ಚು. ಆದರೂ ದಿನವೂ ಹೋದಳು. ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಈಗ ನಾನು ಕೂತಿರುತ್ತಿದ್ದೆ.

ನಸೀಮ್ ಅವರ ಸಾಮಾನು ಸಾಗಿಸುವ ಲಾರಿ ಗುರುವಾರಕ್ಕೆ ಬರುವುದೆಂದು ನಿಶ್ಚಯವಾದ ವಾರ, ಸೋಮವಾರ ಬೆಳಿಗ್ಗೆ, ನಾವು ಮೂವರೂ ಪಾರ್ಕಿಗೆ ಹೋದೆವು. ಹದಿನೈದು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸೊನ್ನೆಗಿಂತ ಒಂಬತ್ತು ಸೆಲ್ಸಿಯಸ್ ಕೆಳಗೆ. ಬಿಸಿಲಿತ್ತು, ಅದು ಅಲಂಕಾರಕ್ಕೆ. ಕೆರೆಯ ಸುತ್ತ ಹಿಮದಲ್ಲಿ ರೈಲು ಹಳಿಯಂಥ ಜೋಡಿ ಗೆರೆಗಳನ್ನು ಪಾರ್ಕಿನವರೇ ಎಳೆದಿದ್ದರು. ನಸೀಮ್ ತಮ್ಮ ಹಲಗೆಗಳ ಮೇಲೆ ಕಾಲಿಟ್ಟರು: ಟಕ್, ಟಕ್. ವಸಂತಾ ಇಟ್ಟಳು. ಸದ್ದಿಲ್ಲ. ಒತ್ತಿದಳು, ಕುಟ್ಟಿದಳು, ಇನ್ನೊಂದು ಕಾಲು ನೋಡಿದಳು. ಅದೂ ಇಲ್ಲ. ಹಿಂದಿನ ಸಂಜೆಯವರೆಗೆ ಹಿತ್ತಲಿನಲ್ಲಿ ಸಲೀಸಾಗಿ ಕೂತ ಬೂಟುಗಳು.

ಕಾರಣ ನಮ್ಮ ಮನೆಯ ಶಿಸ್ತು. ಹೊರಗೆ ಮೆಟ್ಟಿದ್ದು ಒಳಗೆ ಬರಕೂಡದು. ಮೈಸೂರಿನಲ್ಲಾದರೆ ಜಗಲಿ, ಇಲ್ಲಿ ಗ್ಯಾರೇಜು. ಈ ದೇಶದವರು ಸ್ಕೀ ಬೂಟನ್ನು ಒಲೆಯ ಬಳಿ ಒಣಗಿಸುತ್ತಾರಂತೆ. ಅಷ್ಟು ದಿನ ಹೇಗೋ ನಡೆದಿತ್ತು, ಆ ರಾತ್ರಿ ಚಳಿ ಏಕಾಏಕಿ ಏರಿತು. ನಮ್ಮದು ಹಿಮ ಮೆತ್ತಿಕೊಂಡೇ ಗ್ಯಾರೇಜಿನ ಚಳಿಯಲ್ಲಿ ರಾತ್ರಿ ಕಳೆದು, ಕಡ್ಡಿಗೂ ಅಟ್ಟೆಗೂ ನಡುವೆ, ದವಡೆ ಕಚ್ಚಬೇಕಾದ ಜಾಗದಲ್ಲೇ, ಹರಳಿನಂಥ ಗಡ್ಡೆ ಕಟ್ಟಿಕೊಂಡಿತ್ತು. ಕೀಲಿಕೈಯಿಂದ ಕೆರೆದೆ. ಕೀಲಿಕೈ ಬಾಗಿತು.

ವಸಂತಾ ಕಾರಿನ ಸೀಟಿನಲ್ಲಿ ಅಡ್ಡಲಾಗಿ ಕೂತು ಕಾಲು ಹೊರಗೆ ಇಳಿಬಿಟ್ಟಿದ್ದಳು. ಕಿಟಕಿಯ ಪಕ್ಕದಲ್ಲಿ ನಾನು ಎರಡು ವರ್ಷ ನೋಡಿದ ಮುಖ ನಿಧಾನವಾಗಿ ವಾಪಸು ಬರುತ್ತಿತ್ತು.

"ಹೋಗ್ಲಿ ಬಿಡಿ. ನಸೀಮ್, ನೀವು ಹೋಗ್ಬನ್ನಿ. ನಾನು ಇಲ್ಲೇ ಕೂತಿರ್ತೀನಿ" ಎಂದಳು.

ನಸೀಮ್ ತಮ್ಮ ಹಲಗೆಗಳನ್ನು ಬಿಚ್ಚಿದರು. ಹಿಂದಿನ ಸೀಟಿನಿಂದ ಚಹಾದ ಫ್ಲಾಸ್ಕ್ ತೆಗೆದು, ಮುಚ್ಚಳ ತಿರುಗಿಸಿ, ಒಂದು ಕ್ಷಣ ತಡೆದು ಕೇಳಿದರು: "ಸಕ್ಕರಿ ಹಾಕೀರೇನು ಅಕ್ಕ?"

"ಇವರಿಗೆ ಶುಗರ್ ಇರೋವಾಗ ಎಲ್ಲಿ ಹಾಕ್ಲಿ?"

ನನ್ನ ಮಧುಮೇಹದಿಂದ ಲೋಕಕ್ಕೆ ಆದ ಮೊದಲ ಉಪಕಾರ ಇದು. ಸಕ್ಕರೆಯಿದ್ದಿದ್ದರೆ ಅಂಟಾಗಿ ಆ ಸೂಕ್ಷ್ಮ ದವಡೆಯ ಕಥೆ ಮುಗಿಯುತ್ತಿತ್ತು. ನಾನು ಹಿಮದಲ್ಲಿ ಮೊಣಕಾಲೂರಿ ಬೂಟಿನ ಮೂತಿಯನ್ನು ಎತ್ತಿ ಹಿಡಿದೆ. ನಸೀಮ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಕನ್ನಡಕ ಸರಿಮಾಡಿಕೊಂಡು, ಶುಂಠಿ ಚಹಾವನ್ನು ಹನಿ ಹನಿಯಾಗಿ ಬಿಟ್ಟರು. ಹರಳು ಕಂದು ಬಣ್ಣಕ್ಕೆ ತಿರುಗಿ ಕರಗಿತು. ಒದ್ದೆ ಮತ್ತೆ ಹೆಪ್ಪುಗಟ್ಟುವ ಮೊದಲು ನನ್ನ ಮಫ್ಲರಿನ ತುದಿಯಿಂದ ಒರೆಸಿ ಒಣಗಿಸಿದೆ. ಉಕ್ಕಿನ ಕಡ್ಡಿ ತೊಳೆದ ಹಾಗೆ ಹೊಳೆಯಿತು.

ವಸಂತಾ ಎದ್ದು ನಿಂತಳು. ನನ್ನ ಭುಜ ಹಿಡಿದು ಬಲಗಾಲಿನ ತುದಿಯನ್ನು ಇಟ್ಟು ಒತ್ತಿದಳು. ಟಕ್. ಕಾರಿನ ಬಾಗಿಲು ಮುಚ್ಚುವ ಸದ್ದು ಶ್ರೀಮಂತವಾಗಿ ಕೇಳಬೇಕೆಂದು ಕಂಪನಿಗಳು ಅದಕ್ಕಾಗಿಯೇ ಜನರನ್ನು ಇಟ್ಟುಕೊಳ್ಳುತ್ತವೆ. ನಾನೂ ಆ ಮೀಟಿಂಗುಗಳಲ್ಲಿ ಕೂತಿದ್ದೇನೆ. ಇದು ಅಷ್ಟು ದೊಡ್ಡ ಸದ್ದಲ್ಲ. ಚಿಲಕದ ಸದ್ದೂ ಅಲ್ಲ. ಆದರೆ ನಾನು ಕೇಳಿದ ಲ್ಯಾಚಿನ ಸದ್ದುಗಳಲ್ಲಿ ಮುಚ್ಚಿದ ಮೇಲೆ ಯಾರೋ ಹೊರಗೆ ಹೊರಟದ್ದು ಇದೊಂದೇ.

ಎಡಗಾಲೂ ಕೂತಿತು. ಆಕೆ ನನ್ನ ಭುಜ ಬಿಟ್ಟಳು. ಬಲ ಹಿಮ್ಮಡಿ ಎದ್ದಿತು, ಹಲಗೆ ಮುಂದಕ್ಕೆ ಸರಿಯಿತು, ಹಿಮ್ಮಡಿ ಇಳಿಯಿತು. ಆಮೇಲೆ ಎಡದ್ದು. ಹಿಂದಿನಿಂದ ನೋಡುತ್ತ ನಿಂತ ನನಗೆ ಕಾಣುತ್ತಿದ್ದದ್ದು ಆ ಹಿಮ್ಮಡಿಗಳಷ್ಟೇ: ಏಳುತ್ತಿದ್ದವು, ಹಲಗೆ ಅವುಗಳನ್ನು ಹುಡುಕಿಕೊಂಡು ಬಂದು ಮುಟ್ಟುತ್ತಿತ್ತು, ಮತ್ತೆ ಏಳುತ್ತಿದ್ದವು. ಮೂತಿಯ ಹತ್ತಿರ ಎಲ್ಲೋ, ಕಣ್ಣಿಗೆ ಕಾಣದ ಒಂದು ಕಡ್ಡಿ ಆಕೆಯ ಪೂರ್ತಿ ಭಾರವನ್ನೂ ಪೂರ್ತಿ ಭಯವನ್ನೂ ಹೊತ್ತು, ಏನೂ ಆಗದ ಹಾಗೆ ತಿರುಗುತ್ತಿತ್ತು. ಲೋಹಕ್ಕೆ ಇಷ್ಟು ದಾಕ್ಷಿಣ್ಯ ಬರುತ್ತದೆಂದು ನಾನು ಅರಿತಿರಲಿಲ್ಲ. ಟೋಪಿ ತೆಗೆಯಬೇಕೆನಿಸಿತು. ಹದಿನೈದು ಡಿಗ್ರಿ ಎಂಬುದು ನೆನಪಾಗಿ ತೆಗೆಯಲಿಲ್ಲ.

ಇಬ್ಬರೂ ಜೋಡಿ ಗೆರೆಗಳಲ್ಲಿ ಅಕ್ಕಪಕ್ಕ ಸಾಗಿದರು. ಸ್ವಲ್ಪ ದೂರ ಹೋದ ಮೇಲೆ ಮಾತು ಶುರುವಾದದ್ದು ಭುಜಗಳಿಂದ ತಿಳಿಯಿತು. ಕೆರೆಯ ತಿರುವಿನಲ್ಲಿ ಪೈನ್ ಮರಗಳ ಹಿಂದೆ ಮರೆಯಾದರು. ಅಲ್ಲಿ ಇಳಿಜಾರು ಇದೆ ಎಂದು ನನಗೆ ಗೊತ್ತಿತ್ತು. ನಾನು ಪಾರ್ಕಿಂಗ್ ಲಾಟಿನಲ್ಲಿ ನಿಂತು ಆ ಮರಗಳ ಇನ್ನೊಂದು ತುದಿಯನ್ನು ನೋಡುತ್ತಿದ್ದೆ. ಉಳಿದಿದ್ದ ಚಹಾ ಕುಡಿಯಲು ಮನಸ್ಸಾಗಲಿಲ್ಲ. ಒಬ್ಬಾತ ನಾಯಿಯನ್ನು ಕರೆದುಕೊಂಡು ಬಂದು ಆರ್ ಯು ಓಕೆ ಎಂದು ಕೇಳಿ ಹೋದ.

ಬಹಳ ಹೊತ್ತಿನ ಮೇಲೆ ಅವರು ಮರಗಳ ಆ ತುದಿಯಿಂದ ಹೊರಗೆ ಬಂದರು. ವಸಂತಾಳ ಬೆನ್ನಿಗೆ ಹಿಮ ಮೆತ್ತಿತ್ತು. ಇಳಿಜಾರಿನಲ್ಲಿ ಬಿದ್ದಳಂತೆ, ಎದ್ದಳಂತೆ. ಗುರುವಾರ ನಸೀಮ್ ಅರಿಜೋನಾಕ್ಕೆ ಹೋದರು. ಶುಕ್ರವಾರ ಹಿಮ ಇನ್ನೂ ಇತ್ತು. ವಸಂತಾ ಒಬ್ಬಳೇ ಡ್ರೈವ್ ಮಾಡಿಕೊಂಡು ಹೋಗಿ, ಕೆರೆಯನ್ನು ಒಂದು ಸುತ್ತು ಹಾಕಿ ಬಂದಳು.